ಸೇಲ್‌ನಲ್ಲಿ ಕಥೆ ಇರೋ ಫಸ್ಟ್ ಪರ್ಸನ್ ಗೇಮ್‌ಗಳು: ಯಾವುದು ತಗೋಬೇಕು, ಯಾವ ಆವೃತ್ತಿ, ಎಲ್ಲಿ ಕೈಕೊಡುತ್ತೆ

ಕಾಡುಮಲ್ಲಿಗೆ:

ಪಿಸಿ ಗೇಮ್ ಮಾರೋ ಸ್ಟೀಮ್ ಅನ್ನೋ ಆನ್‌ಲೈನ್ ಅಂಗಡಿಯಲ್ಲಿ ಸೇಲ್ ಬಂದಾಗೆಲ್ಲ ಕೇಳೋದು ಒಂದೇ ಪ್ರಶ್ನೆ: "80% ಆಫ್ ಇದೆ, ತಗೊಳ್ಳಲಾ?" ಹಳೇ ಗೇಮ್‌ಗಳು ವರ್ಷಕ್ಕೆ ನಾಲ್ಕೈದು ಸಲ ಅದೇ 80% ಆಫ್‌ಗೆ ಇಳಿಯುತ್ತವೆ, ಹಾಗಾಗಿ ಆ ಹಸಿರು ಚೀಟಿ ನೋಡಿ ಗಾಬರಿ ಬೀಳೋದು ಬೇಡ. ಸ್ಟೀಮ್‌ಡಿಬಿ ಅನ್ನೋ ಜಾಲತಾಣದಲ್ಲಿ ಬೆಲೆಯ ಚರಿತ್ರೆ ನೋಡಿ. ರೂಪಾಯಿ ಲೆಕ್ಕದಲ್ಲೇ ಅತಿ ಕಡಿಮೆ ಬೆಲೆ ಯಾವಾಗ ಎಷ್ಟಿತ್ತು ಅಂತ ತೋರಿಸುತ್ತೆ. ಮೂಲ ಬೆಲೆ ಏರಿಸಿ ಆಮೇಲೆ ಹೆಚ್ಚು ಶೇಕಡಾ ಇಳಿಸಿದ್ದರೆ ಅಲ್ಲಿ ಸಿಕ್ಕಿಬೀಳುತ್ತೆ.

ಫಸ್ಟ್ ಪರ್ಸನ್ ಅಂದರೆ ಪಾತ್ರದ ಕಣ್ಣಿಂದಲೇ ಲೋಕ ನೋಡೋ ಗೇಮ್. ಸಣ್ಣ ಗೇಮ್‌ಗಳಿಂದ ಶುರು ಮಾಡ್ತೀನಿ.

ಫೈರ್‌ವಾಚ್ (2016). 1989ರ ಬೇಸಿಗೆ, ಅಮೆರಿಕದ ವಯೋಮಿಂಗ್‌ನ ಶೋಶೋನಿ ಕಾಡು, ಕಾಡ್ಗಿಚ್ಚು ಕಾಯೋ ಗೋಪುರ, ಕೈಯಲ್ಲೊಂದು ವಾಕಿಟಾಕಿ. ನಾಲ್ಕೈದು ಗಂಟೆಯಲ್ಲಿ ಮುಗಿಯುತ್ತೆ. ಮಾತುಕತೆಯೇ ಆಟ. ವಾಕಿಟಾಕಿಯ ಆ ತುದಿಯಲ್ಲಿರೋ ಡಿಲೈಲಾ ಏನಾದರೂ ಕೇಳಿದಾಗ ಉತ್ತರ ಆರಿಸೋಕೆ ಸಮಯದ ಮಿತಿ ಇದೆ, ಸುಮ್ಮನಿದ್ದರೆ ಮೌನವೇ ಉತ್ತರ ಅಂತ ಲೆಕ್ಕ. ಸಬ್‌ಟೈಟಲ್ ಹಾಕಿಕೊಂಡೇ ಆಡಿ. ಕೈಯಲ್ಲಿರೋ ನಕ್ಷೆ ಮೊದಮೊದಲು ಖಾಲಿ ಖಾಲಿ. ದಾರಿಯಲ್ಲಿ ಸಿಗೋ ಹಳದಿ ಸರಬರಾಜು ಪೆಟ್ಟಿಗೆಗಳ ಮುಚ್ಚಳದ ಒಳಗಡೆ ಇರೋ ನಕ್ಷೆಯಿಂದ ನಕಲು ಮಾಡಿಕೊಂಡರೆ ಮಾತ್ರ ಕಾಲುದಾರಿಗಳು ಮೂಡುತ್ತವೆ. ಎಲ್ಲ ಪೆಟ್ಟಿಗೆಗೂ ಬೀಗದ ಸಂಖ್ಯೆ 1234. ಪೆಟ್ಟಿಗೆ ಬಿಟ್ಟು ಓಡಿದವರೇ "ದಾರಿ ಗೊತ್ತಾಗಲ್ಲ" ಅಂತ ಬಯ್ಯೋದು. ಕೊನೆ ಹಲವರಿಗೆ ರುಚಿಸಲ್ಲ. ದೊಡ್ಡ ರಹಸ್ಯ ಬಿಚ್ಚಿಕೊಳ್ಳುತ್ತೆ ಅಂತ ಕಾದರೆ ನಿರಾಸೆ ಖಂಡಿತ. ಇಬ್ಬರು ಒಂಟಿಗಳ ಹರಟೆ ಅಂತ ಆಡಿದರೆ ಸೊಗಸು.

ವಾಟ್ ರಿಮೇನ್ಸ್ ಆಫ್ ಈಡಿತ್ ಫಿಂಚ್ (2017). ಎರಡು ಎರಡೂವರೆ ಗಂಟೆ. 2018ರಲ್ಲಿ ಬ್ರಿಟನ್ನಿನ ಬಾಫ್ಟಾದ ವರ್ಷದ ಅತ್ಯುತ್ತಮ ಗೇಮ್ ಪ್ರಶಸ್ತಿ ಇದಕ್ಕೇ ಬಂತು. ಒಂದೇ ಕೂತಿಗೆ ಆಡಿ, ಮಧ್ಯೆ ಬಿಟ್ಟರೆ ಲಯ ಹೋಗುತ್ತೆ.

ಸೋಮಾ (2015). ಹತ್ತು ಗಂಟೆ ಹತ್ತಿರ. ಕಡಲ ತಳದ ಪಾಥೋಸ್-2 ಕೇಂದ್ರ. ಭಯ ಅಂತ ಬಿಟ್ಟವರಿಗೆ ಹೇಳೋದು: 2017ರ ಡಿಸೆಂಬರ್‌ನಲ್ಲಿ ಸೇಫ್ ಮೋಡ್ ಬಂದಿದೆ. ಜೀವಿಗಳು ಇರುತ್ತವೆ, ಹಿಂದೆ ಮುಂದೆ ಸುಳಿಯುತ್ತವೆ, ಆದರೆ ಕೊಲ್ಲಲ್ಲ. ಕಥೆಯಲ್ಲಿ ಒಂದು ಸಾಲೂ ಕಡಿಮೆಯಾಗಲ್ಲ. ಅಟ್ಟಿಸಿಕೊಂಡು ಬರೋ ಭಾಗಗಳೇ ಈ ಗೇಮ್‌ನ ಸೊರಗಿದ ಭಾಗ, ಆದ್ದರಿಂದ ಸೇಫ್ ಮೋಡ್‌ನಲ್ಲಿ ಆಡಿದರೆ ನಷ್ಟ ಇಲ್ಲ ಅನ್ನೋದು ನನ್ನ ವಾದ.

ಲೆಕ್ಕದ_ಲಿಂಗಣ್ಣ:

ಮಲ್ಲಿಗೆಯವರೇ, ಎಲ್ಲ ಸರಿ, ಆದರೆ ಎರಡು ಗಂಟೆಯ ಗೇಮ್‌ಗೆ ದುಡ್ಡು ಸುರಿಯಿರಿ ಅಂತ ಹೇಳೋದು ಹೇಗೆ? ಅದೇ ದುಡ್ಡಿಗೆ ಪ್ರೇ (2017) ಸಿಗುತ್ತೆ: ಹದಿನಾರರಿಂದ ಇಪ್ಪತ್ತು ಗಂಟೆ. ಆರ್ಕೇನ್ ಆಸ್ಟಿನ್ ಮಾಡಿದ್ದು, ಆ ಸ್ಟುಡಿಯೋವನ್ನು 2024ರಲ್ಲಿ ಮುಚ್ಚಿದರು. ಸೇಲ್ ಬಂದಾಗೆಲ್ಲ ನೆಲಕ್ಕೆ ಬೀಳೋ ಗೇಮ್ ಇದು.

ಟಾಲೋಸ್-1 ಅನ್ನೋ ಬಾಹ್ಯಾಕಾಶ ನಿಲ್ದಾಣ ಇಡೀ ಒಂದೇ ಊರಿನ ಥರ ಜೋಡಿಸಿಕೊಂಡಿದೆ. ಮೇಜಿನ ಮೇಲೆ ಎರಡು ಕಾಫಿ ಲೋಟ ಇದ್ದರೆ ಅದರಲ್ಲಿ ಒಂದು ಲೋಟ ಅಲ್ಲ, ವಸ್ತುವಿನ ವೇಷ ಹಾಕಿ ಕೂತ ಮಿಮಿಕ್ ಅನ್ನೋ ಜೀವಿ. ಶುರುವಿನಲ್ಲಿ ರೆಂಚ್ ಬೀಸಿ ಬೀಸಿ ಸೋತು ಬಿಟ್ಟವರೇ ಜಾಸ್ತಿ. ಸರಿಯಾದ ಕ್ರಮ: ಗ್ಲೂ ಕ್ಯಾನನ್ ಅನ್ನೋ ಬಂದೂಕಿನಿಂದ ನೊರೆ ಹೊಡೆದು ಆ ಜೀವಿಯನ್ನು ಹೆಪ್ಪುಗಟ್ಟಿಸಿ, ಆಮೇಲೆ ರೆಂಚ್. ಗುಂಡು ಉಳಿಯುತ್ತೆ. ಅದೇ ನೊರೆಯನ್ನು ಗೋಡೆಗೆ ಮೆಟ್ಟಿಲು ಮೆಟ್ಟಿಲಾಗಿ ಹೊಡೆದು ಹತ್ತಬಹುದು. ಆಟಿಕೆ ಬಿಲ್ಲು ಸಿಕ್ಕಿದಾಗ ಕೆಲಸಕ್ಕೆ ಬಾರದ್ದು ಅಂತ ಎಸೆಯಬೇಡಿ. ಬೀಗ ಹಾಕಿದ ಕೋಣೆಯ ಕಿಂಡಿಯಿಂದ ಅದರ ಸ್ಪಂಜಿನ ಬಾಣ ಬಿಟ್ಟರೆ ಒಳಗಿರೋ ಕಂಪ್ಯೂಟರ್ ಪರದೆಯ ಗುಂಡಿ ಒತ್ತಿಕೊಳ್ಳುತ್ತೆ, ಬಾಗಿಲು ತೆರೆಯುತ್ತೆ. ಇಂಥ ಜಾಗಗಳಲ್ಲೇ ಈ ಗೇಮ್ ಮನಸ್ಸು ಗೆಲ್ಲೋದು.

ಇನ್ನೊಂದು ಎಡವೋ ಜಾಗ: ಹೊಸ ಸಾಮರ್ಥ್ಯ ಕೊಡೋ ನ್ಯೂರೋಮಾಡ್ ತಯಾರಿಸೋ ನಕ್ಷೆ ಸಿಕ್ಕಿದ ಕೂಡಲೇ ಸಾಲಾಗಿ ಮಾಡ್ತಾ ಹೋದರೆ ಮಧ್ಯದಲ್ಲಿ ಯಂತ್ರ ಪರವಾನಗಿ ಮುಗಿದಿದೆ ಅನ್ನುತ್ತೆ. ಬಗ್ ಅಲ್ಲ. ಅದೊಂದು ಉಪಕಥೆ, ಅದನ್ನು ಮುಗಿಸಿದರೆ ಮತ್ತೆ ತಯಾರಾಗುತ್ತೆ.

ಕಾಡುಮಲ್ಲಿಗೆ:

ಲಿಂಗಣ್ಣನವರೇ, ಗಂಟೆಗೆ ಇಷ್ಟು ರೂಪಾಯಿ ಅಂತ ಅಳೆಯೋದು ಬಾಡಿಗೆ ಸೈಕಲ್ಲಿಗೆ ಸರಿ. ಈಡಿತ್ ಫಿಂಚ್‌ನ ಮೀನಿನ ಕಾರ್ಖಾನೆ ದೃಶ್ಯ ತಗೊಳ್ಳಿ. ಮೌಸ್ ಹಿಡಿದ ಕೈ ಮೀನನ್ನು ಎಳೆದು, ಕತ್ತಿಗೆ ಕೊಟ್ಟು, ತಲೆ ಕತ್ತರಿಸಿ, ಪಟ್ಟಿಯ ಮೇಲೆ ಎಸೆಯಬೇಕು. ಮತ್ತೆ ಅದೇ, ಮತ್ತೆ ಅದೇ. ಇನ್ನೊಂದು ಕೈ ಕೀಬೋರ್ಡಿನಲ್ಲಿ, ಅಲ್ಲಿ ಕೆಲಸ ಮಾಡೋ ಹುಡುಗನನ್ನು ಅವನ ಕಲ್ಪನೆಯ ರಾಜ್ಯದಲ್ಲಿ ನಡೆಸಬೇಕು. ಮೊದಲು ಆ ಕಲ್ಪನೆ ಪರದೆಯ ಮೂಲೆಯಲ್ಲಿ ಇಷ್ಟೇ ಇಷ್ಟಿರುತ್ತೆ. ನಿಧಾನಕ್ಕೆ ಹರಡಿ ಕಾರ್ಖಾನೆಯನ್ನೇ ಮುಚ್ಚಿಬಿಡುತ್ತೆ. ಮೀನು ಕಣ್ಣಿಗೆ ಸರಿಯಾಗಿ ಕಾಣದಿದ್ದರೂ ಬಲಗೈ ತಾನೇ ಕತ್ತರಿಸ್ತಾ ಇರುತ್ತೆ. ಆ ಹುಡುಗನಿಗೆ ಏನಾಗಿದೆ ಅನ್ನೋದು ಆಗ ನಮ್ಮ ಕೈಗೇ ಗೊತ್ತಾಗುತ್ತೆ. ಇಪ್ಪತ್ತು ಗಂಟೆ ಎಳೆದಿದ್ದರೆ ಇದು ಆಗ್ತಿರಲಿಲ್ಲ.

ಕಂಟ್ರೋಲರ್ ಇದ್ದರೆ ಅದರಲ್ಲೇ ಆಡಿ. ಎರಡು ಕಡ್ಡಿಗೆ ಎರಡು ಲೋಕ, ಆ ದೃಶ್ಯಕ್ಕೆ ಅದೇ ಒಪ್ಪುತ್ತೆ.

ಹುಬ್ಳಿ_ಮಂದಿ:

ಇಬ್ರೂ ಜಗಳಾ ಬಿಡ್ರಿ. ತಪ್ಪು ಆವೃತ್ತಿ ತಗೊಂಡು ಮಂದಿ ರೊಕ್ಕಾ ಹಾಳ ಮಾಡ್ಕೊಳ್ಳೋದು ಇದಕ್ಕಿಂತ ದೊಡ್ಡ ಸಮಸ್ಯಾ ಐತಿ. ನಾಲ್ಕ ಗೇಮ್ ಹೇಳ್ತೀನಿ.

ಮೆಟ್ರೋ ಎಕ್ಸೋಡಸ್: 2019ರ ಮೂಲ ಗೇಮ್ ಒಂದು, 2021ರ ಎನ್‌ಹಾನ್ಸ್‌ಡ್ ಎಡಿಷನ್ ಇನ್ನೊಂದು. ಒಂದ್ ತಗೊಂಡ್ರ ಎರಡೂ ಲೈಬ್ರರಿಗೆ ಬರ್ತಾವ, ಆದ್ರ ಬ್ಯಾರೆ ಬ್ಯಾರೆ ಡೌನ್‌ಲೋಡ್. ಎನ್‌ಹಾನ್ಸ್‌ಡ್ ಓಡಾಕ ರೇ ಟ್ರೇಸಿಂಗ್ (ಬೆಳಕಿನ ಕಿರಣದ ಲೆಕ್ಕಾ ಹಾಕೋದು) ಇರೋ ಗ್ರಾಫಿಕ್ಸ್ ಕಾರ್ಡ್ ಬೇಕ ಬೇಕು, ಕನಿಷ್ಠ ಆರ್‌ಟಿಎಕ್ಸ್ 2060 ಮಟ್ಟದ್ದು. ಜಿಟಿಎಕ್ಸ್ 1060, 1650 ಇಟ್ಕೊಂಡವರು ಅದನ್ನ ಇಳಿಸ್ಕೊಂಡು "ಓಪನ್ ಆಗಂಗಿಲ್ಲ" ಅಂತಾರ. ಮೂಲದ್ದು ಇಳಿಸ್ಕೋರಿ, ಅದೂ ಚಂದ ಕಾಣ್ತೈತಿ. ಈ ಗೇಮ್‌ದಾಗ ಅರ್ಧ ಕತಿ ಇರೋದು ಅರೋರಾ ರೈಲಿನ್ಯಾಗ. ಒಂದು ನೆಲೆ ಮುಗಿಸಿ ರೈಲಿಗೆ ಬಂದಾಗ ಎಲ್ಲಾರ ಹತ್ರ ನಿಂತು ಮಾತು ಪೂರಾ ಕೇಳ್ರಿ. ಓಡಿದ್ರ ಕೊನಿಗೆ ಯಾರು ಉಳದ್ರೂ ಯಾರು ಸತ್ರೂ ನಿಮಗ ಏನೂ ಅನ್ಸಂಗಿಲ್ಲ. ಶರಣಾದವರನ್ನ ಗುಂಡ ಹಾಕಬ್ಯಾಡ್ರಿ, ಅಂತ್ಯಕ್ಕ ಹೊಡತಾ ಬೀಳ್ತೈತಿ.

ಫಾಲ್‌ಔಟ್: ನ್ಯೂ ವೇಗಸ್ (2010): ಅಲ್ಟಿಮೇಟ್ ಎಡಿಷನ್ ಬಿಟ್ಟು ಮತ್ತೊಂದು ತಗೋಬ್ಯಾಡ್ರಿ. ಡೆಡ್ ಮನಿ, ಆನೆಸ್ಟ್ ಹಾರ್ಟ್ಸ್, ಓಲ್ಡ್ ವರ್ಲ್ಡ್ ಬ್ಲೂಸ್, ಲೋನ್ಸಮ್ ರೋಡ್ ಅನ್ನೋ ಹೆಚ್ಚುವರಿ ಕತಿ ಎಲ್ಲಾ ಅದ್ರಾಗ ಅದಾವ. ಇದು 32 ಬಿಟ್ ಪ್ರೋಗ್ರಾಂ, 2 ಜಿಬಿ ಮೆಮೊರಿ ದಾಟಿದ್ರ ಬೀಳ್ತೈತಿ. ಮೊದ್ಲ 4 ಜಿಬಿ ಪ್ಯಾಚ್ ಅನ್ನೋ ಸಣ್ಣ ತಿದ್ದುಪಡಿ ಹಾಕ್ರಿ, ಅದೊಂದ ಹಾಕಿದ್ರ ಅರ್ಧ ಕ್ರ್ಯಾಶ್ ನಿಲ್ತಾವ. 144 ಹರ್ಟ್ಜ್ ಮಾನಿಟರ್ ಇದ್ರ ಗ್ರಾಫಿಕ್ಸ್ ಡ್ರೈವರ್‌ದಾಗ ಫ್ರೇಮ್ ದರಾ (ಸೆಕೆಂಡಿಗೆ ಎಷ್ಟು ಚಿತ್ರ) 60ಕ್ಕ ಕಟ್ಟಿ ಹಾಕ್ರಿ. ಫ್ರೇಮ್ ಲೆಕ್ಕಕ್ಕ ಫಿಸಿಕ್ಸ್ ಗಂಟು ಬಿದ್ದೈತಿ, ಹೆಚ್ಚಾದ್ರ ಸಾಮಾನು ಹಾರಾಡ್ತಾವ.

ಕಿಂಗ್‌ಡಮ್ ಕಮ್: ಡೆಲಿವರೆನ್ಸ್ (2018): ರಾಯಲ್ ಎಡಿಷನ್. 1403ರ ಬೊಹೀಮಿಯಾ, ಕಮ್ಮಾರನ ಮಗ ಹೆನ್ರಿ. ಸುರುವಿಗೆ ಅವಗ ಓದಾಕ ಬರಂಗಿಲ್ಲ, ಪುಸ್ತಕ ತಗದ್ರ ಅಕ್ಷರ ಎಲ್ಲಾ ಕಲಸಿಹೋಗಿರ್ತಾವ. ಉಜಿಟ್ಸ್ ಊರಿನ ಲಿಪಿಕಾರನ ಹತ್ರ ಕಲೀಬೇಕು. ಕತ್ತಿವರಸಿಗೂ ಹಂಗ. ರಟ್ಟೈ ಊರಾಗ ಕ್ಯಾಪ್ಟನ್ ಬರ್ನಾರ್ಡ್ ಹತ್ರ ಎರಡು ತಾಸು ಬಡಿದಾಡಿ, ಮಾಸ್ಟರ್ ಸ್ಟ್ರೈಕ್ (ಹೊಡತಾ ತಡದು ತಿರುಗಿ ಹೊಡಿಯೋದು) ಕಲ್ತು ಆಮ್ಯಾಲ ಹೊರಗ ಹೋಗ್ರಿ. ಕಲೀಲಾರ್ದ ಹ್ವಾದವರು ಮೂರು ಮಂದಿ ಡಕಾಯಿತರ ಕೈಯಾಗ ಸತ್ತು ಅನ್‌ಇನ್‌ಸ್ಟಾಲ್ ಮಾಡ್ತಾರ. ಸೇವ್ ಮಾಡಾಕ ಸೇವಿಯರ್ ಶ್ನಾಪ್ಸ್ ಅನ್ನೋ ಸೆರಿ ಕುಡೀಬೇಕು, ಇಲ್ಲಾ ಸ್ವಂತ ಹಾಸಿಗ್ಯಾಗ ಮಲಗಬೇಕು. ಎದ್ದು ಹೋಗೋ ಅವಸರ ಇದ್ರ ಸೇವ್ ಅಂಡ್ ಎಕ್ಸಿಟ್ ಐತಿ. ಜಾಗಾ ಕಡಿಮಿ ಇದ್ರ ಸ್ಟೀಮ್‌ದಾಗ ಡಿಎಲ್‌ಸಿ (ಹೆಚ್ಚುವರಿ ಭಾಗಗಳ) ಪಟ್ಟಿಗೆ ಹೋಗಿ ಎಚ್‌ಡಿ ಟೆಕ್ಸ್‌ಚರ್ ಪ್ಯಾಕ್ ಮ್ಯಾಲಿನ ಟಿಕ್ ತಗೀರಿ.

ಸೈಬರ್‌ಪಂಕ್ 2077: 2020ರ ಡಿಸೆಂಬರ್‌ದಾಗ ಬಂದಾಗಿನ ಗೇಮ್ ಬ್ಯಾರೆ, 2023ರ ಸೆಪ್ಟೆಂಬರ್‌ನ 2.0 ಅಪ್‌ಡೇಟ್ ಆದ ಮ್ಯಾಲ ಬ್ಯಾರೆ. ಹಳೇ ರಿವ್ಯೂ ನೋಡಿ ತೀರ್ಮಾನ ಮಾಡಬ್ಯಾಡ್ರಿ. 2.0 ಇಂದ ಕನಿಷ್ಠ ಬೇಡಿಕಿ ಒಳಗ ಎಸ್‌ಎಸ್‌ಡಿ ಸೇರೈತಿ, 70 ಜಿಬಿ ಜಾಗಾ. ಹಾರ್ಡ್ ಡಿಸ್ಕ್‌ದಾಗ ಹಾಕಿದ್ರ ಗಾಡಿ ಹೊಡಿಯೋವಾಗ ರಸ್ತೆ ಇನ್ನೂ ಲೋಡ್ ಆಗ್ತಿರ್ತೈತಿ. ಫ್ಯಾಂಟಮ್ ಲಿಬರ್ಟಿ ಅನ್ನೋ ಹೆಚ್ಚುವರಿ ಕತಿ ಸೇರಿದ ಅಲ್ಟಿಮೇಟ್ ಎಡಿಷನ್‌ಗೂ ಬರೀ ಗೇಮ್‌ಗೂ ಸೇಲ್‌ದಾಗ ಎಷ್ಟು ಅಂತರ ಐತಿ ನೋಡಿ ತಗೋರಿ.

ತೀರದ_ತೆಂಗು:

ಫಸ್ಟ್ ಪರ್ಸನ್ ಅಂದ ಕೂಡಲೇ ತಲೆ ತಿರುಗುವವರಿಗೆ ಉಪಾಯ ಉಂಟಾ ಮಾರಾಯ್ರೆ? ಕಥೆ ಬೇಕು, ವಾಂತಿ ಬೇಡ.

ಎಫ್‌ಒವಿ_ಭಟ್ರು:

ಉಂಟು. ಮುಖ್ಯ ಕಾರಣ ಫೀಲ್ಡ್ ಆಫ್ ವ್ಯೂ, ಅಂದರೆ ಪರದೆಯೊಳಗೆ ಎಷ್ಟು ಡಿಗ್ರಿ ಲೋಕ ಕಾಣುತ್ತದೆ ಎಂಬುದು. ಟಿವಿಗೆಂದು ಮಾಡಿದ ಗೇಮ್‌ಗಳಲ್ಲಿ ಇದು ಕಿರಿದು. 43 ಇಂಚಿನ ಟಿವಿಯನ್ನು ಎರಡೂವರೆ ಮೀಟರ್ ದೂರದಿಂದ ನೋಡಿದರೆ ಅದು ಕಣ್ಣಿಗೆ ತುಂಬುವುದು ಸುಮಾರು 22 ಡಿಗ್ರಿ. 24 ಇಂಚಿನ ಮಾನಿಟರನ್ನು 60 ಸೆಂ.ಮೀ. ದೂರದಲ್ಲಿಟ್ಟರೆ 48 ಡಿಗ್ರಿ. ಟಿವಿಯ ಲೆಕ್ಕಕ್ಕೆ ಹೊಂದಿಸಿದ ಕಿರಿದಾದ ಚಿತ್ರವನ್ನು ಹತ್ತಿರದಿಂದ ನೋಡುವುದೆಂದರೆ ದುರ್ಬೀನಿನಲ್ಲಿ ನೋಡುತ್ತಾ ನಡೆದ ಹಾಗೆ. ತಲೆ ತಿರುಗದೆ ಇನ್ನೇನು?

ಮಾಡಬೇಕಾದ್ದು: ಸೆಟ್ಟಿಂಗ್‌ನಲ್ಲಿ ಅಡ್ಡಲಾಗಿ 90ರಿಂದ 100ರ ನಡುವೆ ಇಡಿ. ಕೆಲವು ಗೇಮ್‌ಗಳು ಅಡ್ಡಲೆಕ್ಕ ತೋರಿಸದೆ ಉದ್ದಲೆಕ್ಕ (ಮೇಲಿಂದ ಕೆಳಕ್ಕೆ) ತೋರಿಸುತ್ತವೆ. 16:9 ಪರದೆಯಲ್ಲಿ ಉದ್ದ 59 ಎಂದರೆ ಅಡ್ಡ 90. ಆದ್ದರಿಂದ 59 ಎಂದು ಕಂಡರೆ ಗಾಬರಿಯಿಂದ 90ಕ್ಕೆ ಎಳೆಯಬೇಡಿ, ಗೋಡೆಗಳು ಬಿಲ್ಲಿನ ಹಾಗೆ ಬಾಗುತ್ತವೆ.

ಮೋಷನ್ ಬ್ಲರ್ (ಚಲನೆಯ ಮಸುಕು), ಹೆಡ್ ಬಾಬ್ (ನಡೆಯುವಾಗ ನೋಟ ಕುಲುಕುವುದು), ಕ್ರೊಮ್ಯಾಟಿಕ್ ಅಬರೇಷನ್ (ಅಂಚಿನಲ್ಲಿ ಬಣ್ಣ ಒಡೆಯುವುದು), ಫಿಲ್ಮ್ ಗ್ರೇನ್ (ಚಿತ್ರದ ಮೇಲಿನ ಕಾಳುಕಾಳು) ಎಲ್ಲ ಆಫ್. ಮೌಸ್ ಸ್ಮೂತಿಂಗ್ ಆಫ್: ಕೈ ನಿಂತ ಮೇಲೂ ನೋಟ ತೇಲುತ್ತಿದ್ದರೆ ಅದೇ ಕಾರಣ. ಫ್ರೇಮ್ ದರ 70ಕ್ಕೂ 45ಕ್ಕೂ ಜೋಲಿ ಹೊಡೆಯುವುದಕ್ಕಿಂತ 40ಕ್ಕೋ 60ಕ್ಕೋ ಕಟ್ಟಿಹಾಕುವುದು ಲೇಸು. ಪರದೆಯ ನಡುವೆ ಚುಕ್ಕಿ ಇಡುವ ಆಯ್ಕೆ ಇದ್ದರೆ ಇಡಿ, ಕಣ್ಣಿಗೊಂದು ಗೂಟ ಸಿಕ್ಕಿದ ಹಾಗಾಗುತ್ತದೆ. ಕೋಣೆಯ ದೀಪ ಉರಿಯಲಿ. ಆಕಳಿಕೆ, ಬಾಯಲ್ಲಿ ನೀರೂರುವುದು, ಹಣೆಯಲ್ಲಿ ತಣ್ಣನೆಯ ಬೆವರು, ಇವು ಬಂದ ಕೂಡಲೇ ನಿಲ್ಲಿಸಬೇಕು. "ಇದೊಂದು ಭಾಗ ಮುಗಿಸುವ" ಎಂದರೆ ಅರ್ಧ ದಿನ ಹೋಯಿತು.

ಹಾಫ್ ಲೈಫ್ 2ರಲ್ಲಿ (2004) ತಲೆ ತಿರುಗುವುದು ಹೆಚ್ಚಾಗಿ ಏರ್‌ಬೋಟಿನ ಮತ್ತು ಬಗ್ಗಿಯ ಅಧ್ಯಾಯಗಳಲ್ಲಿ. ಅವನ್ನು ಇಪ್ಪತ್ತಿಪ್ಪತ್ತು ನಿಮಿಷದ ತುಂಡು ಮಾಡಿ ಆಡಿ. 2024ರ ನವೆಂಬರ್‌ನ ಇಪ್ಪತ್ತನೇ ವರ್ಷದ ಅಪ್‌ಡೇಟ್ ಬಂದ ಮೇಲೆ ಎಪಿಸೋಡ್ 1 ಮತ್ತು 2 ಅದರೊಳಗೇ ಸೇರಿವೆ, ಬೇರೆ ಕೊಳ್ಳುವುದು ಬೇಡ.

ಲೆಕ್ಕದ_ಲಿಂಗಣ್ಣ:

ಭಟ್ರ ಪೋಸ್ಟ್‌ಗೆ ಒಂದು ಬಾಲ: ಇದನ್ನೆಲ್ಲ ಮೊದಲ ಎರಡು ಗಂಟೆಯೊಳಗೇ ಪರೀಕ್ಷೆ ಮಾಡಿ ಮುಗಿಸಿ. ಸ್ಟೀಮ್‌ನಲ್ಲಿ ಕೊಂಡು 14 ದಿನದೊಳಗೆ, ಆಡಿದ್ದು 2 ಗಂಟೆಗಿಂತ ಕಡಿಮೆ ಇದ್ದರೆ ದುಡ್ಡು ವಾಪಸ್. ಬೇರೆ ಅಂಗಡಿಗಳ ಪೈಕಿ ಎಪಿಕ್‌ನಲ್ಲೂ ಅದೇ ಮಿತಿ. ಗಾಗ್‌ನಲ್ಲಿ 30 ದಿನ, ಇಳಿಸಿಕೊಂಡು ಆಡಿದ್ದರೂ ಕೇಳಬಹುದು.

ಸಿಕ್ಕಿಹಾಕಿಕೊಳ್ಳೋ ಜಾಗ ಯಾವುದು ಅಂದರೆ, ಗೇಮ್ ತೆರೆದಿರೋ ಸಮಯವೆಲ್ಲ ಆಡಿದ ಲೆಕ್ಕಕ್ಕೇ ಹೋಗುತ್ತೆ. ಕಂಪನಿಯ ಸ್ವಂತ ಲಾಂಚರ್‌ನಲ್ಲಿ ಅಕೌಂಟ್ ಮಾಡ್ತಾ ಕೂತಿದ್ದು, ಶೇಡರ್ (ಕಾರ್ಡ್‌ಗೆ ಚಿತ್ರ ಬಿಡಿಸೋ ಸೂಚನೆಗಳು) ಕಟ್ಟುತ್ತಾ ಇದ್ದಿದ್ದು, ಊಟಕ್ಕೆ ಎದ್ದು ಹೋಗಿದ್ದು, ಎಲ್ಲ. 2023ರ ಮಾರ್ಚ್‌ನಲ್ಲಿ ದ ಲಾಸ್ಟ್ ಆಫ್ ಅಸ್ ಪಾರ್ಟ್ 1 ಪಿಸಿಗೆ ಬಂದಾಗ ಶೇಡರ್ ಕಟ್ಟೋಕೇ ಹಲವರ ಯಂತ್ರದಲ್ಲಿ ಗಂಟೆ ಹಿಡಿಯಿತು, ವಾಪಸಾತಿಯ ಅವಧಿ ಅಲ್ಲೇ ಕರಗಿತು. ಟೈಟನ್‌ಫಾಲ್ 2 ತಗೊಳ್ಳೋರು ಇಎ ಆ್ಯಪ್ ಮೊದಲೇ ಹಾಕಿ, ಅಕೌಂಟ್ ಮಾಡಿಟ್ಟುಕೊಂಡು ಆಮೇಲೆ ಗೇಮ್ ತೆರೆಯಿರಿ. (ಅದರ ಕಥಾಭಾಗ ಆರು ಗಂಟೆ. ಒಂದೇ ಗುಂಡಿ ಒತ್ತಿ ಎರಡು ಕಾಲದ ನಡುವೆ ನೆಗೆಯೋ ಎಫೆಕ್ಟ್ ಅಂಡ್ ಕಾಸ್ ಅಧ್ಯಾಯವೊಂದಕ್ಕೇ ಸೇಲ್ ಬೆಲೆ ವಸೂಲು.)

ಸೇಲ್‌ಗೆ ಎರಡು ದಿನ ಮುಂಚೆ ಪೂರ್ತಿ ಬೆಲೆ ಕೊಟ್ಟು ಕೊಂಡವರು ಕೊರಗಬೇಡಿ. ಮೇಲಿನ ಮಿತಿಯೊಳಗೇ ಇದ್ದರೆ ವಾಪಸ್ ಮಾಡಿ ಸೇಲ್ ಬೆಲೆಗೆ ಮತ್ತೆ ಕೊಳ್ಳಬಹುದು. ಅದು ದುರುಪಯೋಗ ಅಲ್ಲ ಅಂತ ಸ್ಟೀಮ್ ನಿಯಮದಲ್ಲೇ ಬರೆದಿದೆ.

ಬಂಡಲ್ ಲೆಕ್ಕ. ಮೂರು ಗೇಮ್, 400, 600, 1000 ರೂಪಾಯಿ ಅಂದುಕೊಳ್ಳಿ. ಸೇಲ್‌ನಲ್ಲಿ 75% ಇಳಿದು 100, 150, 250. ಒಟ್ಟು 500. ಬಂಡಲ್‌ಗೆ 15% ಬೇರೆ ಇದ್ದರೆ ಅದು ಇಳಿದ ಬೆಲೆಯ ಮೇಲೆ ಬೀಳುತ್ತೆ, 425. ಮೊದಲೆರಡು ನಿಮ್ಮ ಹತ್ತಿರ ಆಗಲೇ ಇದ್ದರೆ ಮೂರನೆಯದಕ್ಕೆ ಮಾತ್ರ 212.50. ಬಿಡಿಯಾಗಿ ಕೊಂಡವರು 250 ಕೊಡ್ತಾರೆ. ಅಂದರೆ ಗೇಮ್‌ನ ಪುಟದಲ್ಲಿ ಕೆಳಗೆ ಇಳಿದು ಬಂಡಲ್ ಇದೆಯಾ ಅಂತ ನೋಡದೆ ಕಾರ್ಟ್‌ಗೆ ಹಾಕಬೇಡಿ. ಪ್ಯಾಕೇಜ್ ಅಂತ ಇದ್ದರೆ ಮಾತ್ರ ಹುಷಾರು: ಅದರಲ್ಲಿ ಇರೋ ಗೇಮ್‌ನ ಬೆಲೆ ಕಳೆಯಲ್ಲ, ಪೂರ್ತಿ ಕೊಡಬೇಕು.

ಸೇಲ್‌ನ ಮೊದಲ ದಿನವೂ ಕೊನೆಯ ದಿನವೂ ಒಂದೇ ಬೆಲೆ. ಕೆಲವೇ ಗಂಟೆಗೊಮ್ಮೆ ಬದಲಾಗೋ ಫ್ಲ್ಯಾಶ್ ಡೀಲ್ ಪದ್ಧತಿ 2015ರಲ್ಲೇ ನಿಂತುಹೋಯಿತು.

ಡಬ್ಲಿನ್_ದಾಸಯ್ಯ:

ಊರಲ್ಲಿ ಬೆಲೆ ಕಡಿಮೆ, ಅಲ್ಲಿಂದ ಗಿಫ್ಟ್ ತರಿಸಿಕೊಳ್ಳೋಣ ಅಂತ ಹೊರದೇಶದಲ್ಲಿರೋ ಕನ್ನಡದವರು ಆಗಾಗ ಕೇಳ್ತಾರೆ. ಆಗಲ್ಲ. ಎರಡು ದೇಶದ ಬೆಲೆಯಲ್ಲಿ ಅಂತರ ಹೆಚ್ಚಿದ್ದರೆ ಸ್ಟೀಮ್ ಗಿಫ್ಟ್ ಕಳಿಸೋಕೆ ಬಿಡಲ್ಲ, ದುಡ್ಡು ಕಟ್ಟೋ ಮುಂಚೆಯೇ ಹೇಳಿಬಿಡುತ್ತೆ. ಗೇಮ್‌ಗಳನ್ನು ಮನೆಯವರ ಜತೆ ಹಂಚಿಕೊಳ್ಳೋ ಸ್ಟೀಮ್ ಫ್ಯಾಮಿಲೀಸ್‌ನಲ್ಲಿ ಆರು ಜನರವರೆಗೆ ಸೇರಬಹುದು, ಆದರೆ ಒಂದೇ ದೇಶ, ಒಂದೇ ಮನೆ ಅನ್ನೋದು ನಿಯಮ. ಒಬ್ಬರು ಬಿಟ್ಟು ಹೋದರೆ ಆ ಜಾಗ ವರ್ಷ ಖಾಲಿ. ಮನೆಯೊಳಗೆ ಅಣ್ಣ ಪ್ರೇ ಆಡ್ತಿರೋವಾಗ ತಂಗಿ ಅದೇ ಲೈಬ್ರರಿಯ ಸೋಮಾ ಆಡಬಹುದು. ಇಬ್ಬರೂ ಒಟ್ಟಿಗೆ ಪ್ರೇ ಆಡಬೇಕಂದರೆ ಎರಡು ಪ್ರತಿ ಬೇಕು.

ಇಲ್ಲಿಂದ ಊರಿನ ತಮ್ಮ ತಂಗಿಯರಿಗೆ ಕೊಡಬೇಕಂದರೆ ಡಿಜಿಟಲ್ ಗಿಫ್ಟ್ ಕಾರ್ಡ್ ಸುಲಭ. ಫ್ರೆಂಡ್ ಆಗಿ ಮೂರು ದಿನ ಆಗಿರಬೇಕು ಅಷ್ಟೆ. ಸೇಲ್ ಮುಗಿಯೋ ದಿನ ಫ್ರೆಂಡ್ ಮಾಡಿಕೊಂಡರೆ ಪ್ರಯೋಜನ ಇಲ್ಲ.

ಕಾಡುಮಲ್ಲಿಗೆ:

ಔಟರ್ ವೈಲ್ಡ್ಸ್ (2019) ಯಾರೂ ಹೇಳಲಿಲ್ಲ. ಕಥೆಯನ್ನಂತೂ ಹೇಳಲ್ಲ, ಯಾಕಂದರೆ ಈ ಗೇಮ್‌ನಲ್ಲಿ ಬಲ ಹೆಚ್ಚೋದು, ಹೊಸ ಆಯುಧ ಸಿಗೋದು ಏನೂ ಇಲ್ಲ. ನೀವು ತಿಳಿದುಕೊಂಡಿದ್ದೇ ಗಳಿಕೆ. ಯಾರಾದರೂ ಹೇಳಿಬಿಟ್ಟರೆ ಗೇಮ್ ಮುಗಿದ ಹಾಗೆ. ವಿಡಿಯೋ ನೋಡಬೇಡಿ. ಪ್ರತಿ 22 ನಿಮಿಷಕ್ಕೆ ಎಲ್ಲ ಮೊದಲಿಗೆ ಬರುತ್ತೆ ಅನ್ನೋದಷ್ಟು ಗೊತ್ತಿದ್ದರೆ ಸಾಕು.

ಕೈಬಿಡೋದು ಎಲ್ಲಿ ಅಂದರೆ ಮೂರನೇ ನಾಲ್ಕನೇ ಗಂಟೆಯಲ್ಲಿ, "ಈಗ ಎಲ್ಲಿಗೆ ಹೋಗ್ಲಿ" ಅನ್ನೋ ಹೊತ್ತಿಗೆ. ನಿಮ್ಮ ಬಾಹ್ಯಾಕಾಶ ನೌಕೆಯ ಹಿಂಭಾಗದ ಶಿಪ್ ಲಾಗ್ ತೆರೆಯಿರಿ. ಇನ್ನೂ ನೋಡಬೇಕಾದ್ದು ಉಳಿದಿದ್ದರೆ ಆಯಾ ಜಾಗದ ಚೌಕದಲ್ಲೇ ಬರೆದಿರುತ್ತೆ. ಆಟೋಪೈಲಟ್ ಒತ್ತಿ ಆರಾಮಾಗಿ ಕೂರಬೇಡಿ: ಅದು ನೇರ ದಾರಿ ಹಿಡಿಯುತ್ತೆ, ನಡುವೆ ಸೂರ್ಯ ಇದ್ದರೂ ಅದಕ್ಕೆ ಲೆಕ್ಕ ಇಲ್ಲ. ಇಳಿಯೋ ಮುಂಚೆ ವೇಗ ಸರಿಹೊಂದಿಸೋ ಗುಂಡಿ ಒತ್ತಿ ಹಿಡಿಯಿರಿ, ಗ್ರಹಕ್ಕೆ ಹೋಗಿ ಅಪ್ಪಳಿಸೋದು ತಪ್ಪುತ್ತೆ. ಸ್ಪೇಸ್ ಸೂಟ್ ಹಾಕದೆ ಬಾಗಿಲು ತೆರೆದು ಸಾಯೋದು ಎಲ್ಲರಿಗೂ ಒಂದು ಸಲ ಆಗುತ್ತೆ. ನಿಮ್ಮಂತೆಯೇ ಯಾತ್ರಿಯಾದ ಗ್ಯಾಬ್ರೋನನ್ನು ಹುಡುಕಿ ಮಾತಾಡಿ ಧ್ಯಾನ ಕಲಿತರೆ 22 ನಿಮಿಷ ಮುಗಿಯೋವರೆಗೂ ಕಾಯದೆ ಮುಂದಿನ ಸುತ್ತಿಗೆ ಹೋಗಬಹುದು.

ಹುಬ್ಳಿ_ಮಂದಿ:

ಬಯೋಶಾಕ್ (2007) ಬಿಟ್ರೆಲ್ಲಾ. ರಿಮಾಸ್ಟರ್ಡ್ ಪಿಸಿ ಆವೃತ್ತಿ ಆಗಾಗ ಕ್ರ್ಯಾಶ್ ಆಗ್ತೈತಿ, ಆಟೋಸೇವ್ ನಂಬಬ್ಯಾಡ್ರಿ, ಹತ್ತು ನಿಮಿಷಕ್ಕೊಮ್ಮಿ ನೀವ ಸೇವ್ ಮಾಡ್ರಿ. ಮತ್ತ ಸಣ್ಣ ಹುಡುಗ್ಯಾರನ್ನ ಬಿಡೋದೋ ಕೊಲ್ಲೋದೋ ಅಂತ ತಲಿ ಕೆಡಿಸ್ಕೋಬ್ಯಾಡ್ರಿ. ಕೊಂದ್ರ ಒಬ್ಬಾಕಿಗೆ 160 ಆ್ಯಡಮ್ (ಹೊಸ ಶಕ್ತಿ ಕೊಳ್ಳಾಕ ಬೇಕಾದದ್ದು), ಬಿಟ್ರ 80. ಆದ್ರ ಮೂವರನ್ನ ಬಿಟ್ರ 200 ಉಡುಗೊರಿ ಬರ್ತೈತಿ. ಮೂವರ ಲೆಕ್ಕಾ ಹಾಕ್ರಿ, 480ಕ್ಕ 440. ನಲವತ್ತರ ಆಸೇಕ್ಕ ಅಂತ್ಯಾ ಕೆಡಿಸ್ಕೋಬ್ಯಾಡ್ರಿ.

ತೀರದ_ತೆಂಗು:

ಗ್ರಾಫಿಕ್ಸ್ ಕಾರ್ಡ್ ಇಲ್ಲದ ಲ್ಯಾಪ್‌ಟಾಪಿಗೆ ಇದರಲ್ಲಿ ಯಾವುದು ಆದೀತು?

ಎಫ್‌ಒವಿ_ಭಟ್ರು:

ಫೈರ್‌ವಾಚ್, ಸೋಮಾ, ನ್ಯೂ ವೇಗಸ್, ಹಾಫ್ ಲೈಫ್ 2, ಬಯೋಶಾಕ್, ರೈಜನ್ ಲ್ಯಾಪ್‌ಟಾಪಿನ ಒಳಗಿನ ಗ್ರಾಫಿಕ್ಸ್‌ನಲ್ಲಿ ಇವು ನಡೆಯುತ್ತವೆ. ಮೆಟ್ರೋ ಎಕ್ಸೋಡಸ್, ಸೈಬರ್‌ಪಂಕ್ ಬೇಡ. ಪ್ರೇ 1280×720ರಲ್ಲಿ, ಎಲ್ಲ ಲೋ ಇಟ್ಟು, 30ಕ್ಕೆ ಕಟ್ಟಿದರೆ ಪರವಾಗಿಲ್ಲ.

ಮೊದಲು ರ‍್ಯಾಮ್ ನೋಡಿ. ಒಳಗಿನ ಗ್ರಾಫಿಕ್ಸ್‌ಗೆ ಸ್ವಂತ ಮೆಮೊರಿ ಇಲ್ಲ, ರ‍್ಯಾಮನ್ನೇ ಹಂಚಿಕೊಳ್ಳುತ್ತದೆ. 8 ಜಿಬಿಯ ಒಂದೇ ಕಡ್ಡಿ ಇದ್ದರೆ ಒಂದೇ ದಾರಿಯಲ್ಲಿ ಎಲ್ಲ ಸಂಚಾರ. ಎರಡನೇ ಜಾಗ ಖಾಲಿ ಇದ್ದರೆ ಅದೇ ವೇಗದ ಇನ್ನೊಂದು 8 ಜಿಬಿ ಹಾಕಿಸಿ. ಫ್ರೇಮ್ ದರ ಏರುವುದು ಕಣ್ಣಿಗೇ ಕಾಣುತ್ತದೆ. ಟಾಸ್ಕ್ ಮ್ಯಾನೇಜರ್‌ನ ಮೆಮೊರಿ ಪುಟದಲ್ಲಿ ಬಳಕೆಯಲ್ಲಿರುವ ಸ್ಲಾಟ್ "2ರಲ್ಲಿ 1" ಎಂದಿದ್ದರೆ ಜಾಗ ಇದೆ ಎಂದರ್ಥ.

ಕಾಡುಮಲ್ಲಿಗೆ:

ಹುಬ್ಳಿಯವರ ಪೋಸ್ಟ್‌ಗೆ ಒಂದು ತಿದ್ದುಪಡಿ: ನ್ಯೂ ವೇಗಸ್ ಗಾಗ್‌ನಲ್ಲಿ ಕೊಂಡರೆ 4 ಜಿಬಿ ಪ್ಯಾಚ್ ಆಗಲೇ ಹಾಕಿರುತ್ತೆ. ಸ್ಟೀಮ್ ಪ್ರತಿಗೆ ಮಾತ್ರ ಕೈಯಾರೆ ಹಾಕಬೇಕು.

ಹುಬ್ಳಿ_ಮಂದಿ:

ಹೌದ್ರಿ, ಖರೇ. ಸ್ಟೀಮ್‌ದಾಗ ವೆರಿಫೈ ಫೈಲ್ಸ್ ಒತ್ತಿದ್ರ ಪ್ಯಾಚ್ ಅಳಿಸಿ ಹೋಗ್ತೈತಿ, ಮತ್ತೊಮ್ಮಿ ಹಾಕ್ಬೇಕು.